ಕೆರೆ–ಹೊಳೆ ಸುತ್ತು: ದಾವಣಗೆರೆಯಿಂದ ಒಂದು ದಿನದ ಪ್ರಯಾಣ, ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಿಂದ ಬೆಳಗ್ಗೆ ಹೊರಟು ಸಂತೇಬೆನ್ನೂರು, ಸೂಳೆಕೆರೆ, ಬಸವಾಪಟ್ಟಣ, ಮಲೇಬೆನ್ನೂರು, ಹರಿಹರ ನೋಡಿಕೊಂಡು ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಸುತ್ತಿನ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ದೂರಗಳೆಲ್ಲ ಸುಮಾರಿನ ಲೆಕ್ಕ. ಹಳ್ಳಿ ರಸ್ತೆಯಲ್ಲಿ ಯಾವ ತಿರುವು ಹಿಡಿದಿರಿ ಎಂಬುದರ ಮೇಲೆ ನಾಲ್ಕೈದು ಕಿ.ಮೀ. ಹೆಚ್ಚು ಕಡಿಮೆ ಆಗುತ್ತೆ.

## ಹೊರಡುವ ಮೊದಲು

ಇಷ್ಟೆಲ್ಲ ಒಂದೇ ದಿನಕ್ಕೆ ಆಗುತ್ತಾ? ಒಟ್ಟು ಎಷ್ಟು ಕಿ.ಮೀ.?

ಆಗುತ್ತೆ. ದಾವಣಗೆರೆ–ಸಂತೇಬೆನ್ನೂರು–ಸೂಳೆಕೆರೆ–ಬಸವಾಪಟ್ಟಣ–ಮಲೇಬೆನ್ನೂರು–ಹರಿಹರ–ದಾವಣಗೆರೆ ಸುತ್ತು 120ರಿಂದ 130 ಕಿ.ಮೀ. ಹೊನ್ನಾಳಿಯನ್ನೂ ಸೇರಿಸಿಕೊಂಡರೆ 160ರ ಆಸುಪಾಸು. ಗಾಡಿ ಓಡಿಸುವುದಕ್ಕೆ ನಾಲ್ಕೈದು ಗಂಟೆ ಸಾಕು, ಮಿಕ್ಕಿದ್ದು ನೋಡುವುದಕ್ಕೆ. ದಿನ ಕೆಡುವುದು ದೂರದಿಂದಲ್ಲ, ಪಟ್ಟಿ ಉದ್ದವಾಗುವುದರಿಂದ. ಇದೇ ದಿನ ಚಿತ್ರದುರ್ಗದ ಕೋಟೆಯನ್ನೂ ತುರುಕುವವರಿದ್ದಾರೆ. ಕೋಟೆಗೇ ಅರ್ಧ ದಿನ ಬೇಕು, ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಮೊದಲು ಹರಿಹರ ನೋಡಿ ಆಮೇಲೆ ಸೂಳೆಕೆರೆಗೆ ಹೋದರೆ ಏನಾಗುತ್ತೆ? ಹರಿಹರ ಹತ್ತಿರ ಅಲ್ವಾ?

ಹತ್ತಿರ ಹೌದು, ಬರೀ 14 ಕಿ.ಮೀ. ಆದರೂ ಅದನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುವುದಕ್ಕೆ ಮೂರು ಕಾರಣ.

ಒಂದು, ಬಿಸಿಲು. ಸೂಳೆಕೆರೆ ಏರಿಯ ಮೇಲೆ ನೆರಳು ಕಡಿಮೆ. ಹನ್ನೊಂದರ ಮೇಲೆ ಗಾಳಿಯೂ ಏಳುತ್ತೆ, ನೀರು ಕದಡಿ ಎದುರಿನ ಗುಡ್ಡದ ಬಿಂಬ ಹೋಗಿಬಿಡುತ್ತೆ. ಸಂತೇಬೆನ್ನೂರಿನ ಪುಷ್ಕರಣಿಗೂ ಇದೇ ಮಾತು.

ಎರಡು, ಬಾಗಿಲು. ಹರಿಹರೇಶ್ವರ ದೇವಸ್ಥಾನ ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತೆ. ಸಂಜೆ ಐದರ ಹೊತ್ತಿಗೆ ಹೋದರೆ ದರ್ಶನವೂ ಆಗುತ್ತೆ, ಕಂಬಗಳನ್ನು ನಿಧಾನಕ್ಕೆ ನೋಡುವುದಕ್ಕೂ ಆಗುತ್ತೆ. ಹರಿಹರ ಹೊಳೆಯ ಬಲದಂಡೆಯಲ್ಲಿದೆ, ಅಂದರೆ ಹೊಳೆ ಊರಿನ ಪಡುವಣಕ್ಕೆ. ಹಾಗಾಗಿ ಸೂರ್ಯ ಮುಳುಗುವುದು ತುಂಗಭದ್ರೆಯ ಆಚೆ ದಂಡೆಯಲ್ಲಿ.

ಮೂರನೆಯದು ನೀರಿನ ದಾರಿ. ಸೂಳೆಕೆರೆಯಿಂದ ಹೊರಡುವ ಹಳ್ಳದ ಹೆಸರು ಹರಿದ್ರಾ. ಅದು ಬಂದು ತುಂಗಭದ್ರೆಗೆ ಸೇರುವುದು ಹರಿಹರದಲ್ಲೇ. ಕೆರೆ ಮೊದಲು, ಹೊಳೆ ಕೊನೆಗೆ ಎಂದು ಹೋದರೆ ಇಡೀ ದಿನ ಇಳಿಜಾರಿನಲ್ಲಿ ನೀರಿನ ಜೊತೆಗೇ ಬಂದ ಹಾಗೆ. ಊರುಗಳ ನಂಟು ಆಗ ತಾನಾಗಿ ಅರ್ಥವಾಗುತ್ತೆ.

ಗಂಟೆ ಲೆಕ್ಕದಲ್ಲಿ ಹೇಳಿಬಿಡಿ, ಎಷ್ಟೊತ್ತಿಗೆ ಎಲ್ಲಿರಬೇಕು?

ಬೆಳಗ್ಗೆ 6:30ಕ್ಕೆ ಹದಡಿ ರಸ್ತೆ ಹಿಡಿಯಿರಿ. 7:45ರೊಳಗೆ ಸಂತೇಬೆನ್ನೂರು, ಅಲ್ಲಿ ಒಂದು ಗಂಟೆ. 9:30ಕ್ಕೆ ಸೂಳೆಕೆರೆ, 11ರವರೆಗೆ. ಬಸವಾಪಟ್ಟಣದಲ್ಲಿ ಚಹಾ. ಹೊನ್ನಾಳಿ ಬೇಕೆನ್ನುವವರು ಅಲ್ಲಿಂದ ಹೊಳೆ ಕಡೆ ತಿರುಗಿ ಊಟವನ್ನೂ ಹೊನ್ನಾಳಿಯಲ್ಲೇ ಮುಗಿಸಬಹುದು. ಬೇಡವೆನ್ನುವವರು ನೇರ ಮಲೇಬೆನ್ನೂರಿಗೆ. ಮೂರೂವರೆ ಹೊತ್ತಿಗೆ ಕೊಮಾರನಹಳ್ಳಿ ಕೆರೆ, ಐದಕ್ಕೆ ಹರಿಹರ, ಏಳಕ್ಕೆ ವಾಪಸ್ ಹೆದ್ದಾರಿ. ಎಲ್ಲೋ ಒಂದು ಕಡೆ ಒಂದು ಗಂಟೆ ತಪ್ಪಿತು ಅಂದರೆ ಹೊನ್ನಾಳಿ ಬಿಡಿ. ಹರಿಹರದ ಸಂಜೆಯನ್ನು ಮೊಟಕು ಮಾಡಬೇಡಿ.

ಯಾವ ತಿಂಗಳು ಚೆನ್ನಾಗಿರುತ್ತೆ?

ನೀರು, ಹಸಿರು ಎರಡೂ ಬೇಕಾದರೆ ಸೆಪ್ಟೆಂಬರಿನಿಂದ ನವೆಂಬರ್. ಮಳೆ ಮುಗಿದು ಕೆರೆ ತುಂಬಿರುತ್ತೆ, ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಮುಂಗಾರು ಭತ್ತ ಎದ್ದು ನಿಂತಿರುತ್ತೆ. ಫೆಬ್ರವರಿ–ಮಾರ್ಚಿನಲ್ಲಿ ಬೇಸಿಗೆ ಭತ್ತದಿಂದ ಗದ್ದೆ ಮತ್ತೆ ಹಸಿರು, ಆದರೆ ಅದು ನಾಲೆಗೆ ನೀರು ಬಿಟ್ಟ ವರ್ಷ ಮಾತ್ರ. ಭದ್ರಾ ಜಲಾಶಯ ತನ್ನ ಪೂರ್ತಿ ಮಟ್ಟವಾದ 186 ಅಡಿ ಮುಟ್ಟದ ವರ್ಷ ಬೇಸಿಗೆ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಎಂಬುದೇ ಈ ಕಡೆ ದೊಡ್ಡ ಜಗಳ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿಗೆ ಹೆದರದಿದ್ದರೆ ಮಾತ್ರ ಹೊರಡಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹೊಳೆ ನೋಡುವುದಕ್ಕೆ ಚೆಂದ, ಹೊಳೆಗೆ ಇಳಿಯುವುದಕ್ಕಲ್ಲ.

ಯಾವ ದಿನ ಹೋಗಲೇಬಾರದು?

ಅಮಾವಾಸ್ಯೆ ದಿನ ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗುವ ಜನದಿಂದ ಮಲೇಬೆನ್ನೂರು ಸುತ್ತಿನ ರಸ್ತೆಗಳು ತುಂಬಿಹೋಗುತ್ತವೆ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆ ಚರ್ಚಿನ ಹಬ್ಬ. ಫೆಬ್ರವರಿ ನಡುವಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ, ಹೊನ್ನಾಳಿ ದಾರಿಯಲ್ಲಿ ಆಗ ಟೆಂಪೊ, ಟ್ರ್ಯಾಕ್ಟರ್ ಸಾಲು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ದಾವಣಗೆರೆಯ ಹಳೇ ಊರಿನ ಕಡೆ ಕಾರು ತರುವ ಯೋಚನೆಯೇ ಬೇಡ. ಜಾತ್ರೆಯನ್ನೇ ನೋಡಬೇಕು ಅನ್ನುವವರಿಗೆ ಇದೇ ಪಟ್ಟಿ ಉಲ್ಟಾ ಓದಿದರಾಯ್ತು.

## ಗಾಡಿ, ರಸ್ತೆ, ಹೊಟ್ಟೆ

ಬಸ್ಸಲ್ಲಿ ಹೋಗೋಕೆ ಆಗ್ತತಾ, ಸ್ವಂತ ಗಾಡಿನೇ ಬೇಕಾ?

ಬಸ್ಸಿನಲ್ಲಿ ಪೂರ್ತಿ ಸುತ್ತು ಕಷ್ಟ. ದಾವಣಗೆರೆ–ಸಂತೇಬೆನ್ನೂರು–ಚನ್ನಗಿರಿ ದಾರಿಗೂ ಹರಿಹರ–ಮಲೇಬೆನ್ನೂರು–ಹೊನ್ನಾಳಿ–ಶಿವಮೊಗ್ಗ ದಾರಿಗೂ ಬಸ್ಸುಗಳಿವೆ. ಕೈ ಕೊಡುವುದು ಇವೆರಡನ್ನು ಜೋಡಿಸುವ ಸೂಳೆಕೆರೆ–ಬಸವಾಪಟ್ಟಣ ಭಾಗ. ಬಸ್ಸನ್ನೇ ನೆಚ್ಚಿದವರು ದಿನವನ್ನು ಎರಡು ಮಾಡಿಕೊಳ್ಳಿ: ಒಂದು ದಿನ ಸಂತೇಬೆನ್ನೂರು–ಸೂಳೆಕೆರೆ, ಇನ್ನೊಂದು ದಿನ ಹರಿಹರ–ಮಲೇಬೆನ್ನೂರು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಿರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಈ ದಾರಿಗಳಲ್ಲಿ ಖಾಸಗಿ ಬಸ್ಸೂ ಓಡಾಡುತ್ತವೆ, ಹತ್ತುವ ಮುಂಚೆ ಬೋರ್ಡು ನೋಡಿ.

ರಸ್ತೆ ಹೇಗಿದೆ? ಸಣ್ಣ ಕಾರು ನಡೆಯುತ್ತಾ?

ಸಣ್ಣ ಕಾರೇ ಒಳ್ಳೆಯದು. ಹಳ್ಳಿಯೊಳಗೆ ಎದುರು ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕೆ ಸರಿಯುವುದಕ್ಕಾದರೂ ಆಗುತ್ತೆ. ಗುಂಡಿಗಿಂತ ಹೆಚ್ಚು ಕಾಡುವುದು ಹಂಪು. ಬಣ್ಣವಿಲ್ಲ, ಬೋರ್ಡಿಲ್ಲ, ಶಾಲೆ ಬಂತು ಅಂದರೆ ಹಂಪು ಬಂತು ಎಂದೇ ತಿಳಿಯಿರಿ.

ಇನ್ನು ರಸ್ತೆಯ ಮೇಲೆಯೇ ನಡೆಯುವ ಬೇಸಾಯದ ವಿಷಯ. ಹೊಸಬರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮೆಕ್ಕೆಜೋಳದ ಕಾಲ. ಅರ್ಧ ರಸ್ತೆಗೆ ಕಾಳು ಹರವಿರುತ್ತಾರೆ. ಅದರ ಮೇಲೆ ಬ್ರೇಕ್ ಹಾಕಿದರೆ ಗೋಲಿ ಮೇಲೆ ನಿಂತ ಹಾಗೆ, ಬೈಕ್ ಜಾರಿಯೇ ಜಾರುತ್ತೆ. ಅದಕ್ಕಿಂತ ಅಪಾಯ ಕಲ್ಲು. ಕಾಳಿನ ಮೇಲೆ ಗಾಡಿ ಹತ್ತದಿರಲಿ ಎಂದು ಅಂಚಿಗೆ ಸಾಲಾಗಿ ಇಟ್ಟಿರುತ್ತಾರೆ, ಸಂಜೆ ಕಾಳು ಬಾಚಿಕೊಂಡು ಹೋಗುವಾಗ ಕಲ್ಲು ಅಲ್ಲೇ ಉಳಿಯುತ್ತೆ. ಮುಸ್ಸಂಜೆಯಲ್ಲಿ ಟಾರು, ಕಲ್ಲು ಎರಡೂ ಒಂದೇ ಬಣ್ಣ.

ರಾಗಿ, ಹುರುಳಿ ಒಕ್ಕುವ ದಿನಗಳಲ್ಲಿ ಹುಲ್ಲನ್ನೇ ರಸ್ತೆಗೆ ಹಾಸುತ್ತಾರೆ, ಓಡಾಡುವ ಗಾಡಿಗಳೇ ಅವರ ರೋಣಗಲ್ಲು. ಒಣಗಿದ ಹುರುಳಿ ಬಳ್ಳಿ ಕಾರಿನ ಅಡಿಗೆ ಸಿಕ್ಕಿ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತೆ. ಹುಲ್ಲು ಹಾಸಿದ ಜಾಗ ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರೂ ಇಳಿದು, ಒಂದು ಕೋಲಿನಿಂದ ಎಳೆದು ತೆಗೆಯಿರಿ. ಮನೆಗೆ ಹೋಗಿ ನೋಡೋಣ ಅನ್ನಬೇಡಿ.

ಚನ್ನಗಿರಿ ಸೀಮೆ ಅಡಿಕೆಯದು. ಸುಲಿದ ಅಡಿಕೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಇಡುವುದುಂಟು. ಅದು ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತೆ. ಹೊಗೆಯ ಗೋಡೆ ಕಂಡರೆ ಹೆಡ್‌ಲೈಟ್ ಹಾಕಿ, ನಿಧಾನಿಸಿ, ಓವರ್‌ಟೇಕ್ ಬೇಡ.

ನಾಟಿಯ ದಿನಗಳಲ್ಲಿ ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರಿನ ಕೇಜ್ ವೀಲ್, ಅಂದರೆ ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ, ರಸ್ತೆ ತುಂಬ ಕೆಸರು ಬಿಟ್ಟಿರುತ್ತೆ. ಒಂದು ತುಂತುರು ಬಿದ್ದರೆ ಸಾಕು, ಸೋಪಿನ ಹಾಗೆ ಜಾರುತ್ತೆ.

ರಾತ್ರಿ ವಾಪಸ್ ಬರೋದು ಸೇಫಾ?

ಕೊನೆಯ ಹರಿಹರ–ದಾವಣಗೆರೆ ತುಂಡು ಚಿಕ್ಕದು, ಯಾವಾಗಲೂ ಗಾಡಿಗಳಿರುವ ದಾರಿ. ಅದಕ್ಕೇ ಹರಿಹರವನ್ನು ಕೊನೆಗಿಟ್ಟಿದ್ದು ಅಂತಲೂ ಅನ್ನಬಹುದು. ಆದರೆ ಸಂತೇಬೆನ್ನೂರು ಕಡೆಯಿಂದ ಕತ್ತಲಲ್ಲಿ ಬರುವುದಾದರೆ ಕಬ್ಬಿನ ಟ್ರ್ಯಾಕ್ಟರ್ ನೆನಪಿರಲಿ. ನವೆಂಬರ್ ಆದಮೇಲೆ ಎರಡೆರಡು ಟ್ರೈಲರ್ ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ, ರಿಫ್ಲೆಕ್ಟರನ್ನು ಕಬ್ಬಿನ ಸೋಗೆ ಮುಚ್ಚಿಕೊಂಡು ಹೋಗುತ್ತಿರುತ್ತವೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಬಿದ್ದ ಆ ಎರಡು ಕ್ಷಣದಲ್ಲಿ ಮುಂದಿನ ಟ್ರೈಲರ್ ಕಾಣುವುದೇ ಇಲ್ಲ. 40ರ ಮೇಲೆ ಹೋಗಬೇಡಿ.

ಪೆಟ್ರೋಲ್ ಎಷ್ಟು ಹಾಕಿಸಬೇಕು? ಪಂಕ್ಚರ್ ಆದರೆ?

ಲೀಟರಿಗೆ 15 ಕೊಡುವ ಕಾರಿಗೆ 11 ಲೀಟರ್, 45 ಕೊಡುವ ಬೈಕಿಗೆ ಮೂರೂವರೆಯಿಂದ ನಾಲ್ಕು ಲೀಟರ್. ದಾವಣಗೆರೆಯಲ್ಲೇ ಹಾಕಿಸಿಕೊಂಡರೆ ಮತ್ತೆ ಬಂಕ್ ಹುಡುಕಬೇಕಿಲ್ಲ. ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿ, ಜಾಕ್ ಮತ್ತು ಪಾನಾ ಡಿಕ್ಕಿಯಲ್ಲಿವೆಯಾ ನೋಡಿ. ಬೈಕಿನವರು ಕೆರೆ ಏರಿಯ ಅಂಚಿಗೆ ಗಾಡಿ ಇಳಿಸಬೇಡಿ, ಅಲ್ಲಿ ಬಿದ್ದಿರುವ ಬಳ್ಳಾರಿ ಜಾಲಿ ಮುಳ್ಳು ಟೈರಿಗೆ ನೆಟ್ಟಗೆ ಇಳಿಯುತ್ತೆ. ಪಂಕ್ಚರ್ ಅಂಗಡಿ ಸಂತೇಬೆನ್ನೂರು, ಬಸವಾಪಟ್ಟಣ, ಮಲೇಬೆನ್ನೂರಿನಂಥ ಊರುಗಳಲ್ಲಿ ಸಿಗುತ್ತೆ, ಕೆರೆ ಹತ್ತಿರ ನೆಚ್ಚಿಕೊಳ್ಳಬೇಡಿ.

ಬೆಣ್ಣೆ ದೋಸೆ ತಿಂದೇ ಹೊರಡಬೇಕು ಅಂದ್ರೆ?

ಇದಕ್ಕೆ ಉತ್ತರ ಹೇಳುವುದು ಕಷ್ಟ, ಯಾಕೆಂದರೆ ಇಲ್ಲಿ ಬೆಳಗಿನ ಬೆಳಕಿಗೂ ದೋಸೆಗೂ ಜಗಳ. ಕಾವಲಿ ಕಾಯುವವರೆಗೆ ಕಾದು, ತಿಂದು ಹೊರಟರೆ ಎಂಟು ಆಗಿಯೇ ಆಗುತ್ತೆ. ಕಟ್ಟಿಸಿಕೊಂಡು ಹೋಗುವ ಯೋಚನೆ ಮಾತ್ರ ಮಾಡಬೇಡಿ. ಈ ದೋಸೆಯ ರುಚಿ ಇರುವುದು ಹೊರಗಿನ ಗರಿಗರಿಯಲ್ಲಿ, ಪೊಟ್ಟಣದೊಳಗೆ ಹಬೆ ಕೂತು ಹತ್ತು ನಿಮಿಷಕ್ಕೆ ಚರ್ಮವಾಗುತ್ತೆ. ನಮ್ಮ ಸಲಹೆ: ಬೆಳಗ್ಗೆ ಚಹಾ–ಬಿಸ್ಕತ್ತು, ಸಂತೇಬೆನ್ನೂರಿನಲ್ಲಿ ಸಿಕ್ಕ ಇಡ್ಲಿ ಅಥವಾ ಚಿತ್ರಾನ್ನ, ದೋಸೆ ರಾತ್ರಿ ವಾಪಸ್ ಬಂದಮೇಲೆ. ಖಾಲಿ ದೋಸೆ ಅಂದರೆ ಬೆಣ್ಣೆಯಿಲ್ಲದ, ದಪ್ಪಗೆ ಮೆತ್ತಗಿರುವ ಬೇರೆಯೇ ದೋಸೆ. ಬೆಣ್ಣೆ ದೋಸೆ ಬೇಕಾದರೆ ಬೆಣ್ಣೆ ಎಂದೇ ಹೇಳಿ. ಜೊತೆಗೆ ಆಲೂಗಡ್ಡೆ ಪಲ್ಯ, ತೆಳ್ಳನೆಯ ಕಾಯಿ ಚಟ್ನಿ ಬರುತ್ತೆ. ಸಾಂಬಾರ್ ಕೇಳಿ ಮುಖ ನೋಡಿಸಿಕೊಳ್ಳಬೇಡಿ.

ದಾರಿಗೆ ಏನು ಕಟ್ಟಿಕೊಂಡು ಹೋಗೋದು?

ಮಂಡಕ್ಕಿ. ಊರಲ್ಲೇ ಮಂಡಕ್ಕಿ ಭಟ್ಟಿ ಇಟ್ಟುಕೊಂಡು ಚಿಪ್ಸ್ ಪ್ಯಾಕೆಟ್ ಒಯ್ಯುವುದು ಯಾಕೆ? ನಾಲ್ಕು ಜನಕ್ಕೆ ಅರ್ಧ ಕೆ.ಜಿ. ಸಾಕು. ಹಿಂದಿನ ರಾತ್ರಿಯೇ ಎಣ್ಣೆಗೆ ಸಾಸಿವೆ, ಬೆಳ್ಳುಳ್ಳಿ, ಕರಿಬೇವು, ಶೇಂಗಾ ಹಾಕಿ, ಶೇಂಗಾ ಕೆಂಪಾದ ಮೇಲೆ ಉರಿ ಇಳಿಸಿ ಅರಿಶಿನ, ಖಾರದ ಪುಡಿ, ಉಪ್ಪು ಹಾಕಿ. ಪುಡಿ ಸೀದರೆ ಕಹಿ. ಆಮೇಲೆ ಮಂಡಕ್ಕಿ ಸುರಿದು ಸಣ್ಣ ಉರಿಯಲ್ಲಿ ಗರಿಯಾಗುವವರೆಗೆ ಕೈಯಾಡಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇದ್ದಾಗಲೇ ಮುಚ್ಚಳ ಹಾಕಿದರೆ ಬೆಳಗ್ಗೆಗೆ ಮೆತ್ತಗಾಗಿರುತ್ತೆ. ಈರುಳ್ಳಿ, ಟೊಮ್ಯಾಟೊ, ಕೊತ್ತಂಬರಿ ಬೇರೆ ಡಬ್ಬಿಯಲ್ಲಿ. ತಟ್ಟೆಗೆ ಹಾಕಿಕೊಳ್ಳುವಾಗ ಮಾತ್ರ ಕಲಸಿ. ನೀರು ತಲೆಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು.

ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದಾರೆ. ಟಾಯ್ಲೆಟ್ ಗತಿ ಏನು?

ನಿಜ ಹೇಳಬೇಕೆಂದರೆ ಇದೇ ಈ ದಾರಿಯ ದೊಡ್ಡ ಕೊರತೆ. ಪೆಟ್ರೋಲ್ ಬಂಕ್, ಊಟದ ಹೋಟೆಲ್, ಬಸ್ ನಿಲ್ದಾಣ ಇವೇ ಆಸರೆ. ಕಂಡ ಕಡೆ ಮುಗಿಸಿಕೊಳ್ಳಿ, ಮುಂದೆ ಸಿಗುತ್ತೆ ಅಂದುಕೊಳ್ಳಬೇಡಿ. ಮಂಡಿ ನೋವಿನವರಿಗೆ ಹರಿಹರೇಶ್ವರ ದೇವಸ್ಥಾನ ಸಲೀಸು. ಪುಷ್ಕರಣಿಯ ಮೆಟ್ಟಿಲು ಬೇಡ, ಮೇಲಿನ ಕಟ್ಟೆಯಿಂದಲೇ ಎಲ್ಲವೂ ಕಾಣುತ್ತೆ.

## ನೋಡುವ ಜಾಗಗಳು

ಸಂತೇಬೆನ್ನೂರಲ್ಲಿ ಒಂದು ಹೊಂಡ ಬಿಟ್ಟು ಇನ್ನೇನೈತಿ?

ಆ ಹೊಂಡ ಸಾಲದೇ? ಪಾಳೆಯಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ ಅದು. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲು ಇಳಿಯುತ್ತೆ, ನೀರಿನ ನಡುವೆ ವಸಂತ ಮಂಟಪ ನಿಂತಿದೆ. ಮಂಟಪದ ಕಮಾನು ನೋಡಿದರೆ ಸುಲ್ತಾನರ ಕಾಲದ ಕಟ್ಟಡ ಅನಿಸುತ್ತೆ, ಮೇಲಿನ ಶಿಖರ ನೋಡಿದರೆ ಗುಡಿ ಅನಿಸುತ್ತೆ. ಎರಡನ್ನೂ ಒಂದೇ ಉಸಿರಿಗೆ ಕಟ್ಟಿದ್ದಾರೆ. ಪಕ್ಕದ ಮುಸಾಫಿರಖಾನೆ, ಅಂದರೆ ಪ್ರಯಾಣಿಕರ ತಂಗುದಾಣ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಒಬ್ಬರ ಮೇಲೊಬ್ಬರು ದಂಡೆತ್ತಿ ಹೋದವರ ಕಟ್ಟಡಗಳು ಈಗ ಎದುರುಬದುರು ಕೂತಿವೆ.

ಫೋಟೋಕ್ಕೆ ಬೆಳಗ್ಗೆ ಎಂಟರೊಳಗೆ, ಗಾಳಿ ಏಳುವ ಮುಂಚೆ. ಮಂಟಪ ಮತ್ತು ಅದರ ನೆರಳು ಎರಡೂ ಪೂರ್ತಿ ಸಿಗಬೇಕಾದರೆ ಕಟ್ಟೆಯ ಮೇಲೆ ನಿಂತು ತೆಗೆಯಬೇಡಿ, ಏಳೆಂಟು ಮೆಟ್ಟಿಲು ಇಳಿದು ಕೂತು ತೆಗೆಯಿರಿ. ಅದಕ್ಕಿಂತ ಕೆಳಗೆ ಬೇಡ. ನೀರಿಗೆ ತಾಗಿದ ಮೆಟ್ಟಿಲಿನ ಮೇಲೆ ಪಾಚಿ ಇರುತ್ತೆ, ಒಣಗಿದಂತೆ ಕಂಡರೂ ಜಾರುತ್ತೆ. ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ.

ಸೂಳೆಕೆರೆ ಅನ್ನಬೇಕಾ, ಶಾಂತಿಸಾಗರ ಅನ್ನಬೇಕಾ? ಹೆಸರು ಹೇಳೋಕೆ ಮುಜುಗರ.

ದಾರಿ ಕೇಳುವಾಗ ಸೂಳೆಕೆರೆ ಎಂದೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಶಾಂತಿಸಾಗರ ಎಂಬುದು ಕಾಗದದ ಮೇಲೆ ಹೆಚ್ಚು ಓಡಾಡುವ ಹೆಸರು. ಐತಿಹ್ಯ ಹೀಗಿದೆ: ವಿಕ್ರಮರಾಯನ ಮಗಳು ಶಾಂತವ್ವ ಪ್ರಾಯಶ್ಚಿತ್ತಕ್ಕೆ ಕೆರೆ ಕಟ್ಟಿಸಲು ಹೊರಟಳು, ಜಾಗ ಸೂಳೆಯರದ್ದಾಗಿತ್ತು, ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ಜಾಗ ಕೊಡುತ್ತೇವೆ ಎಂದರು ಅವರು. ಕಟ್ಟಿಸಿದವಳು ಒಪ್ಪಿದಳು. ಕೊಟ್ಟ ಮಾತಿನ ಹೆಸರು ಅದು, ಮುಚ್ಚಿಡಬೇಕಾದ್ದೇನೂ ಇಲ್ಲ.

ಸೂಳೆಕೆರೆಯಲ್ಲಿ ನಿಂತು ಏನು ನೋಡಬೇಕು? ಬರೀ ನೀರು ತಾನೆ?

ಏರಿಯ ನಡುವೆ ನಿಂತು ಮೊದಲು ಎಡ–ಬಲ ನೋಡಿ. ಎರಡೂ ಕಡೆ ಗುಡ್ಡ. ಏರಿಯ ಉದ್ದ 950 ಅಡಿ ಅಷ್ಟೇ, ಆರಾಮಾಗಿ ಐದು ನಿಮಿಷದ ನಡಿಗೆ. ಆ ಐದು ನಿಮಿಷದ ಏರಿ ತಡೆದು ನಿಲ್ಲಿಸಿರುವುದು ಸುಮಾರು 6,500 ಎಕರೆ ನೀರನ್ನು. ಮೈದಾನದ ಕೆರೆಗಳಿಗೆ ಮೈಲಿಗಟ್ಟಲೆ ಏರಿ ಬೇಕು, ಇಲ್ಲಿ ಹಳ್ಳ ಗುಡ್ಡ ಸೀಳಿಕೊಂಡು ಹೊರಬೀಳುವ ಕಣಿವೆಯ ಬಾಯನ್ನೇ ಮುಚ್ಚಿದ್ದಾರೆ. ಅದೂ 12ನೇ ಶತಮಾನದಲ್ಲಿ ಎನ್ನುವುದು ರೂಢಿಯ ಲೆಕ್ಕ.

ಆಮೇಲೆ ಏರಿಯ ಅಗಲ ನೋಡಿ, ಎತ್ತರಕ್ಕಿಂತ ಅದೇ ಮುಖ್ಯ. ಇಷ್ಟು ಕಾಲ ನಿಂತಿರುವ ಗುಟ್ಟು ಅಲ್ಲಿದೆ. ನೀರಿನ ಕಡೆ ಅಲೆ ಹೊಡೆಯುವ ಜಾಗಕ್ಕೆ ಕಲ್ಲು ಹೊದಿಸಿದ್ದಾರೆ, ಇನ್ನೊಂದು ಕಡೆ ಗದ್ದೆಗಳು ಕೆರೆಯ ನೀರಿಗಿಂತ ಎಷ್ಟೋ ಕೆಳಗೆ. ತೂಬುಗಳಿಂದ ಹೊರಡುವ ನಾಲೆಗಳಿಗೆ ಸಿದ್ಧ ನಾಲೆ, ಬಸವ ನಾಲೆ ಎಂದು ಹೆಸರು. ಏಷ್ಯಾದ ಎರಡನೇ ದೊಡ್ಡ ಕೆರೆ ಎಂದು ಎಲ್ಲರೂ ಹೇಳುತ್ತಾರೆ. ಆ ಪಟ್ಟಕ್ಕಿಂತ ಈ 950 ಅಡಿಯೇ ದೊಡ್ಡ ಸಂಗತಿ ಎಂಬುದು ನಮ್ಮ ಲೆಕ್ಕ.

ಮೀನು ಹಿಡಿಯುವವರ ತೆಪ್ಪ ಕಂಡು ಒಂದು ಸುತ್ತು ಹೋಗೋಣ ಅನಿಸಬಹುದು. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಈಜುವುದೂ ಬೇಡ, ಅಂಚಿನಲ್ಲಿ ಹೂಳು ಮಂಡಿಯವರೆಗೆ ಹೂಳಿಬಿಡುತ್ತೆ.

ಹೊನ್ನಾಳಿ ಸೇರಿಸಿಕೊಳ್ಳೋದು ಬೇಕಾ?

ಹೊಳೆಯನ್ನು ಎರಡು ಕಡೆ ನೋಡುವ ಆಸೆ ಇದ್ದರೆ ಬೇಕು. ಈ ಕಡೆಯಿಂದ ಹೋದರೆ ಸೇತುವೆ ದಾಟಿಯೇ ಊರು, ಹೊಳೆಯ ಪಾತ್ರ ಅಲ್ಲಿಂದ ಚೆನ್ನಾಗಿ ಕಾಣುತ್ತೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ. ಬೇರೇನೂ ವಿಶೇಷ ಬೇಡವೆಂದರೆ ಬಿಟ್ಟು ಮುಂದೆ ಹೋಗಿ.

ಮಲೇಬೆನ್ನೂರಿನ ಹತ್ತಿರ ನೋಡುವಂಥದ್ದು?

ಕೊಮಾರನಹಳ್ಳಿ. ಗುಡ್ಡದ ಬುಡದಲ್ಲಿ ಕೆರೆ, ಅಲ್ಲೇ ಹೆಳವನಕಟ್ಟೆ ರಂಗನಾಥನ ಗುಡಿ. ಹರಿದಾಸ ಪರಂಪರೆಯ ಹೆಳವನಕಟ್ಟೆ ಗಿರಿಯಮ್ಮ ತನ್ನ ಹಾಡುಗಳಿಗೆ ಅಂಕಿತವಾಗಿಟ್ಟುಕೊಂಡದ್ದು ಈ ರಂಗನನ್ನೇ. ಮಧ್ಯಾಹ್ನ ಬಾಗಿಲು ಮುಚ್ಚಿದ್ದರೂ ಕೆರೆ ದಂಡೆಯ ಮರದ ಕೆಳಗೆ ಮಂಡಕ್ಕಿ ಡಬ್ಬಿ ಬಿಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿಲ್ಲ. ಕಾಗದ, ಡಬ್ಬಿ ವಾಪಸ್ ಕಾರಿಗೆ.

ಹರಿಹರ ದೇವಸ್ಥಾನದಲ್ಲಿ ಗಮನಿಸಬೇಕಾದ್ದು ಏನು?

ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ದೇವಸ್ಥಾನ. ಮೂರ್ತಿಯ ಬಲ ಅರ್ಧ ಹರ, ಎಡ ಅರ್ಧ ಹರಿ. ಇದು ನಿಮ್ಮ ಎಡ–ಬಲ ಅಲ್ಲ, ದೇವರದ್ದು. ಹರಿ ಒಬ್ಬನಿಂದಲೂ ಹರ ಒಬ್ಬನಿಂದಲೂ ಸಾವು ಬರಬಾರದೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರು ಎಂಬುದು ಸ್ಥಳಪುರಾಣ.

ದರ್ಶನ ಮುಗಿಸಿ ಓಡಬೇಡಿ. ಮುಂದಿನ ತೆರೆದ ಮಂಟಪದ ಅಂಚಿನ ಕಕ್ಷಾಸನದ (ಒರಗಿ ಕೂರುವ ಕಲ್ಲಿನ ಜಗುಲಿ) ಮೇಲೆ ಕೂತು ಕಂಬಗಳನ್ನು ನೋಡಿ. ತಿರುಗಣಿಗೆ ಕೊಟ್ಟು ಕಡೆದ ಕಂಬಗಳವು, ಬಾಗಿದ ಮೈಯಲ್ಲಿ ಸಂಜೆ ಬೆಳಕು ಉಂಗುರ ಉಂಗುರವಾಗಿ ನಿಲ್ಲುತ್ತೆ. ತಲೆ ಎತ್ತಿದರೆ ಛಾವಣಿಯಲ್ಲಿ ಕವುಚಿ ಹಾಕಿದ ತಾವರೆ. ಆವರಣದ ಶಾಸನಗಳಿಗೆ ಸುಣ್ಣ, ಪೌಡರ್ ಬಳಿದು ಓದುವ ಹಳೇ ಚಾಳಿ ಬೇಡ. ಮೊಬೈಲ್ ಟಾರ್ಚನ್ನು ಕಲ್ಲಿಗೆ ಅಡ್ಡವಾಗಿ ಹಿಡಿದರೆ ಅಕ್ಷರದ ಗೆರೆ ತಾನೇ ಎದ್ದು ಕಾಣುತ್ತೆ.

## ನೀರಿನ ವಿಷಯ ಗೊತ್ತಿರಬೇಕಾದವರಿಗೆ

ಇಲ್ಲಿ ಮಳೆನೇ ಇಲ್ಲ, ಹೊಳೆ ಹೇಗೆ ಏಕಾಏಕಿ ಏರುತ್ತೆ?

ಹೊಳೆ ತುಂಬುವುದು ಮಲೆನಾಡಿನ ಮಳೆಗೆ, ದಾವಣಗೆರೆಯ ಮಳೆಗಲ್ಲ. ತುಂಗೆಗೆ ಗಾಜನೂರಿನಲ್ಲಿರುವ ಅಣೆಕಟ್ಟು ಚಿಕ್ಕದು, ಹಿಡಿಯುವುದು ಮೂರು ಚಿಲ್ಲರೆ ಟಿಎಂಸಿ. ಮಳೆ ಜೋರಾದರೆ ಬೇಗ ತುಂಬಿ, ಬಂದದ್ದನ್ನೆಲ್ಲ ಹೊಳೆಗೆ ಬಿಡುತ್ತೆ. ಭದ್ರಾ ಜಲಾಶಯ 71.5 ಟಿಎಂಸಿಯದು, ತುಂಬುವವರೆಗೆ ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕೇ ಜೂನ್ ಕೊನೆ, ಜುಲೈನ ಏರಿಕೆ ಹೆಚ್ಚಾಗಿ ತುಂಗೆಯದು. ಭದ್ರೆಯ ಗೇಟು ತೆರೆಯುವುದು ಜಲಾಶಯ ತುಂಬುತ್ತ ಬಂದಮೇಲೆ. ಎರಡೂ ಒಟ್ಟಿಗೆ ಬಿಟ್ಟರೆ ಹೊನ್ನಾಳಿಯ ಬಾಲರಾಜಘಾಟ್, ಹರಿಹರದ ಗಂಗಾನಗರದ ಮನೆಗಳಿಗೆ ನೀರು ಬರುತ್ತೆ, ಫತ್ತೇಪುರ–ಉಕ್ಕಡಗಾತ್ರಿ ರಸ್ತೆ ಮುಳುಗುತ್ತೆ.

ಹಾಗಾಗಿ ಮಳೆಗಾಲದಲ್ಲಿ ಹೊರಡುವ ಹಿಂದಿನ ದಿನ ನೋಡಬೇಕಾದ್ದು ಇಲ್ಲಿನ ಮೋಡವನ್ನಲ್ಲ, ಗಾಜನೂರಿನಿಂದ ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ ಎಂಬುದನ್ನು. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ದಿನವೂ ಬರುತ್ತೆ.

ಬೇಸಿಗೆಯಲ್ಲಿ ಹೊಳೆ ಮಂಡಿಯುದ್ದ ಇರುತ್ತೆ, ಮಕ್ಕಳು ಇಳಿದರೆ ಏನು?

ಮಂಡಿಯುದ್ದ ಕಂಡ ಕಡೆಯೇ ಆಳು ಮುಳುಗುವ ಗುಂಡಿ ಇರುತ್ತೆ, ಮರಳು ಎತ್ತಿದ ಜಾಗ ಅದು. ನೀರು ಕದಡಿದ್ದರೆ ಅಂಚೇ ಕಾಣದು. ಪಾದ ತೊಳೆಯುವುದಾದರೆ ಘಾಟಿನ ಮೆಟ್ಟಿಲಲ್ಲೇ, ಊರಿನವರು ಇಳಿದಿರುವ ಕಡೆ, ಮಗುವಿನ ಕೈ ಹಿಡಿದು.

ಭದ್ರಾ ನಾಲೆ ಇನ್ನೂ ಮೋಸದ್ದು. ಸಿಮೆಂಟ್ ಹಾಕಿದ ಇಳಿಜಾರಿಗೆ ಪಾಚಿ ಹಿಡಿದಿರುತ್ತೆ, ಹಿಡಿಯುವುದಕ್ಕೆ ಹುಲ್ಲುಕಡ್ಡಿಯೂ ಇಲ್ಲ, ಸೆಳೆತ ಮೇಲಿಂದ ಕಾಣುವುದಿಲ್ಲ. ಈಜು ಬಂದವರೂ ಹತ್ತಲಾರರು. ಯಾರಾದರೂ ಬಿದ್ದರೆ ಹಾರಬೇಡಿ, ಹಗ್ಗ, ಸೀರೆ, ಪಂಚೆ ಏನಾದರೂ ಎಸೆದು ದಂಡೆಯ ಮೇಲೆ ಅವರ ಜೊತೆಗೇ ಓಡುತ್ತ ಸೋಪಾನ ಸಿಗುವವರೆಗೆ ಹಿಡಿದಿರಿ, 112ಕ್ಕೆ ಕರೆ ಮಾಡಿಸಿ.

ಚಿತ್ರದುರ್ಗದವರು ನಾವು. ದಾವಣಗೆರೆಗೆ ಬಂದು ಹೊರಡಬೇಕಾ?

ಬೇಕಿಲ್ಲ. ಹೊಳಲ್ಕೆರೆ–ಚನ್ನಗಿರಿ ಮೇಲೆ ಸೂಳೆಕೆರೆಗೆ ಬನ್ನಿ, ಮುಂದೆ ಇದೇ ದಾರಿಯಲ್ಲಿ ಹರಿಹರಕ್ಕೆ, ವಾಪಸ್ಸಿಗೆ ಹೆದ್ದಾರಿ 48. ದಾವಣಗೆರೆಯಿಂದ ದುರ್ಗ 60 ಕಿ.ಮೀ. ಸಂತೇಬೆನ್ನೂರು ಬಿಟ್ಟುಹೋಗುತ್ತೆ, ಅದೊಂದೇ ನಷ್ಟ. ಅಂದಹಾಗೆ ದುರ್ಗದ ನಲ್ಲಿಗಳಿಗೆ ಸೂಳೆಕೆರೆ ನೀರೂ ಬರುತ್ತೆ. ನಿಮ್ಮ ನಲ್ಲಿಯ ಮೂಲ ನೋಡಲು ಹೋಗುತ್ತಿದ್ದೀರಿ ಅಂದುಕೊಳ್ಳಿ.

ಇನ್ನೊಂದು ದಿನ ಸಿಕ್ಕರೆ ನಿಮ್ಮ ಕಡೆಯದೇ ಸುತ್ತಿದೆ. ಬೆಳಗ್ಗೆ ಚಂದ್ರವಳ್ಳಿ ಕೆರೆ, ಅಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಹೇಳುವುದೂ ಕೆರೆಯ ಕೆಲಸವನ್ನೇ. ಅಲ್ಲಿಂದ ಹಿರಿಯೂರು 40 ಕಿ.ಮೀ., ವೇದಾವತಿ ದಂಡೆಯ ತೇರುಮಲ್ಲೇಶ್ವರ ನೋಡಿ, ಮತ್ತೆ 20 ಕಿ.ಮೀ. ಹೋದರೆ ಮಾರಿ ಕಣಿವೆ, ಅಂದರೆ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಕಟ್ಟೆ, 30 ಟಿಎಂಸಿ, ತುಂಬಿದಾಗ 130 ಅಡಿ. 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಸೂಳೆಕೆರೆಯನ್ನು ಮೊದಲೇ ನೋಡಿದ್ದರೆ ಇಲ್ಲಿ ನಿಂತ ತಕ್ಷಣ ಗುರುತು ಸಿಗುತ್ತೆ: ಎರಡು ಗುಡ್ಡ, ನಡುವೆ ಒಂದು ಸಂದು, ಸಂದಿಗೆ ಒಂದು ಕಟ್ಟೆ.

ಅರ್ಧ ದಿನ ಮಾತ್ರ ಇದೆ. ಏನು ಮಾಡಲಿ?

ಕುಂದುವಾಡ ಕೆರೆ, ಕೊಂಡಜ್ಜಿ, ಹರಿಹರ. ಕುಂದುವಾಡ ದಾವಣಗೆರೆಯ ಕುಡಿಯುವ ನೀರಿನ ಕೆರೆ, ಭದ್ರಾ ನಾಲೆಯಿಂದ ತುಂಬಿಸುತ್ತಾರೆ, ಏರಿಯ ಮೇಲೆ ನಡೆಯಲು ದಾರಿಯಿದೆ. ಕೊಂಡಜ್ಜಿ 15 ಕಿ.ಮೀ., ಸ್ಕೌಟ್ ಶಿಬಿರದ ಕೆರೆ ಎಂದರೆ ಎಲ್ಲರಿಗೂ ಗೊತ್ತು. ಮಧ್ಯಾಹ್ನ ಮೂರಕ್ಕೆ ಹೊರಟರೂ ಹರಿಹರದ ಸೂರ್ಯಾಸ್ತ ಸಿಗುತ್ತೆ.

ಸೂಳೆಕೆರೆಯಿಂದ ಹರಿಹರದವರೆಗೆ ಹರಿದ್ರಾ ಹಳ್ಳವನ್ನೇ ಹಿಡಿದು ಹೋಗಬಹುದಾ?

ಹಳ್ಳದ ಜೊತೆಗೇ ಓಡುವ ರಸ್ತೆ ಇಲ್ಲ, ದಂಡೆಯಲ್ಲಿ ತೋಟ, ಗದ್ದೆ, ಬೇಲಿ. ಆದರೆ ಹಳ್ಳಿ ರಸ್ತೆಗಳು ಅದನ್ನು ಅಲ್ಲಲ್ಲಿ ದಾಟುತ್ತವೆ. ಮೊಬೈಲ್ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಬದಲಿಸಿಕೊಂಡು, ಏರಿಯ ಕೆಳಗಿನಿಂದ ಹೊರಡುವ ಹಸಿರು ಗೆರೆಯನ್ನು ಬೆರಳಲ್ಲಿ ಹಿಡಿದು, ರಸ್ತೆ ದಾಟುವ ಕಡೆಯೆಲ್ಲ ಗುರುತು ಹಾಕಿಟ್ಟುಕೊಳ್ಳಿ. ಮನೆಯಲ್ಲೇ ಮಾಡಿ, ಹಳ್ಳಿಗಳ ನಡುವೆ ನೆಟ್‌ವರ್ಕ್ ಕೈಕೊಡುತ್ತೆ. ಕೋಡಿ ಬಿದ್ದ ವರ್ಷ ಈ ಸೇತುವೆಗಳ ಕೆಳಗೆ ಕೆರೆಯ ನೀರು ಭರ್ತಿ ಹರಿಯುತ್ತಿರುತ್ತೆ, ನೀರು ರಸ್ತೆಯ ಮೇಲೆ ಬಂದಿದ್ದರೆ ಎಷ್ಟೇ ತೆಳುವಾಗಿ ಕಂಡರೂ ದಾಟಬೇಡಿ. ಉಳಿದ ದಿನಗಳಲ್ಲಿ ಕಾಣುವುದು ಬಹುಪಾಲು ಗದ್ದೆಗಳ ಬಸಿ ನೀರು. ನಾಲೆಗೆ ನೀರು ನಿಲ್ಲಿಸಿ ಹದಿನೈದು ದಿನ ಆದಮೇಲೆ ಹೋದರೆ ಅದೂ ಇರುವುದಿಲ್ಲ, ಕಲ್ಲಿನ ನಡುವೆ ಅಲ್ಲಲ್ಲಿ ಮಡು ನಿಂತಿರುತ್ತೆ, ಬೆಳ್ಳಕ್ಕಿಗಳು ಅದನ್ನೇ ಕಾಯುತ್ತಿರುತ್ತವೆ.